ನಿಂತ ಚೆಂಡು

ಶಿಡ್ಲಘಟ್ಟದ ಕಾಲೇಜು ಮೈದಾನದಲ್ಲಿ
ನಮ್ಮ ಆಟ ಶುರುವಾಗಬೇಕಾದರೆ
ಮೊದಲು ಊರು ಸುಮ್ಮನಾಗಬೇಕು.
ಚುರುಮುರಿ ಗಾಡಿಯವನು ಡಬ್ಬ ಬಡಿಯಬಾರದು.
ಚಿಂತಾಮಣಿ ಬಸ್ಸು ಹಾರನ್ ಹೊಡೆದರೆ
ಒಂದು ಎಸೆತ ತಡೆದು ಕಾಯುತ್ತೇವೆ.

"ರೆಡಿ?" ಅನ್ನುತ್ತಾಳೆ ಆ ತುದಿಯವಳು.
"ಯೆಸ್" ಅನ್ನುತ್ತೇನೆ.
"ಪ್ಲೇ!"
ಹೊಟ್ಟೆ ತುಂಬ ಛರ್ರೆ ನುಂಗಿದ ಚೆಂಡು
ನೆಲಕ್ಕೆ ಮೈಯುಜ್ಜಿಕೊಂಡು ಗಲಗಲ ಬರುತ್ತದೆ.
ಬಾಗಿ, ಬ್ಯಾಟಿನಲ್ಲಿ ನೆಲ ಗುಡಿಸುತ್ತೇನೆ,
ಅಮ್ಮ ಸೊಪ್ಪಿನ ಕಡ್ಡಿ ಗುಡಿಸುವ ಹಾಗೆ.

ನಾನು ಬಿ-ಒನ್. ಅಂದರೆ ಏನೇನೂ ಕಾಣದವಳು.
ನಾನು ಹೊಡೆದ ಒಂದು ರನ್ನನ್ನು
ಎರಡೆಂದು ಬರೆದುಕೊಳ್ಳುತ್ತಾರೆ.
ಬೇರೆಲ್ಲೂ ಯಾರೂ ನನ್ನ ಪಾಲನ್ನು
ಹೀಗೆ ಕೈಬಿಚ್ಚಿ ಅಳೆದದ್ದಿಲ್ಲ,
ಸೊಸೈಟಿ ಅಕ್ಕಿಯಲ್ಲೂ.

ಫೀಲ್ಡಿಂಗಿನಲ್ಲಿ ಆದದ್ದು ಹೇಳಬೇಕು.
ಕೊನೇ ಓವರು. ಮಾಲೂರಿನ ಹುಡುಗಿ ಹೊಡೆದದ್ದು
ನನ್ನ ಎಡಕ್ಕೆ ಬಂತು, ಬಂತು,
ಒಣ ಗರಿಕೆಯಲ್ಲಿ ಎಡವಿ
ಬಾಯಿ ಮುಚ್ಚಿಕೊಂಡಿತು.
ಉರುಳುವ ಚೆಂಡಿಗೆ ದಿಕ್ಕಿದೆ, ವಯಸ್ಸಿದೆ.
ನಿಂತ ಚೆಂಡು ಎಲ್ಲೂ ಇಲ್ಲ.

ಅಂಗೈ ಹಾಸಿ ತಡವಿದೆ.
ಬಾಟಲಿ ಮುಚ್ಚಳ. ಬೆರಣಿ ಚೂರು.
ಗಲ್ ಅಂದದ್ದು ಯಾರದೋ ಹರಿದ ಗೆಜ್ಜೆ.
"ಅದಿಗೋ, ಅಕ್ಕಡ!" ಬೇಲಿಯಿಂದ ಒಬ್ಬಜ್ಜ.
"ಅಗೋ, ಅಲ್ಲಿ ಕಣಮ್ಮ!" ಇನ್ನೊಬ್ಬ.
ಅಲ್ಲಿ ಅನ್ನುವುದು
ಯಾವ ಭಾಷೆಯಲ್ಲೂ ನನಗೆ ಜಾಗವಲ್ಲ.
ಪಿಚ್ಚಿನ ಮೇಲೆ ಅವರ ಕಾಲು:
ಎರಡು, ಮೂರು,

ಆಗ ನೆನಪಾಯಿತು ನಮ್ಮ ಹುಳುಮನೆ.
ರೇಷ್ಮೆಹುಳ ನಾಲ್ಕನೇ ಜ್ವರಕ್ಕೆ ಕೂತಾಗ
ತಟ್ಟೆಯಲ್ಲಿ ಸದ್ದೇ ಇರುವುದಿಲ್ಲ.
ಸತ್ತವೆಂದು ಅತ್ತಿದ್ದೆ, ಸಣ್ಣವಳು.
ಅಪ್ಪ ನನ್ನ ಬೆರಳನ್ನು ತಟ್ಟೆಯ ಅಂಚಿಗೆ ಮುಟ್ಟಿಸಿ,
"ಇವೆ. ತಲೆ ಎತ್ಕೊಂಡು ಕೂತವೆ.
ತಟ್ಟೆ ಅಲುಗಿಸಬ್ಯಾಡ" ಅಂದಿದ್ದ.

ತಟ್ಟೆ ಅಲುಗಿಸಬಾರದು, ಸರಿ.
ಮೈದಾನ?
ಎರಡೂ ಕಾಲೆತ್ತಿ ಧೊಪ್ಪನೆ ಕುಪ್ಪಳಿಸಿದೆ.
ಹಿಮ್ಮಡಿಯ ಹತ್ತಿರವೇ, ನಿದ್ದೆಯಲ್ಲಿ ಹಲ್ಲು ಕಡಿದಂತೆ,
ಒಂದೇ ಒಂದು ಛರ್ರೆ
ಕಟ್ ಅಂದಿತು.

ಅಷ್ಟರಲ್ಲಿ ಅವರು ಐದು ಓಡಿ
ಗೆದ್ದಾಗಿತ್ತು.

ಮನೆಗೆ ಬಂದರೆ ಹುಳ ಜ್ವರ ಬಿಟ್ಟೆದ್ದಿದ್ದವು.
ಕತ್ತಲ ತುಂಬ ಮೇಯುವ ಸದ್ದು,
ಮೊರದಲ್ಲಿ ಯಾರೋ ಅಕ್ಕಿ ಆರಿಸುತ್ತ ಕೂತ ಹಾಗೆ.
"ಸೋತ್ವಿ" ಅಂದೆ.
"ನೀನೆಷ್ಟು ಹೊಡ್ದೆ?" ಸೊಪ್ಪು ಹರಡುತ್ತ ಅಪ್ಪ.
"ಒಂಬತ್ತು."
ಆ ತಟ್ಟೆ ಮುಗಿಸಿ, ಮುಂದಿನ ತಟ್ಟೆ ಎಳೆದುಕೊಂಡು,
"ಅಂದ್ರೆ ಹದಿನೆಂಟು" ಅಂದ.