ಎಡಬಾಗಿಲ ಸದ್ದು

ಹನ್ನೊಂದು ವರ್ಷ ಈ ಕಾರು ಓಡಿಸಿದವನು ನಾನು.
ಅದರಲ್ಲೊಂದು ಸದ್ದುಂಟು ಎಂದು ಗೊತ್ತಾದದ್ದು
ಮಿಸ್ರಿಯಾಳಿಗೆ ಲೈಸೆನ್ಸ್ ಬಂದ ಮೂರನೇ ದಿನ.

“ಎಡಬಾಗಿಲಲ್ಲಿ ಎಂತದೋ ಉಂಟು,” ಅಂದಳು
ಚೀಲ ಇಳಿಸುತ್ತ.
“ಶಾಲೆಯ ಹತ್ತಿರ ಉಬ್ಬು ದಾಟುವಾಗ ಟಿಕ್,
ಆಮೇಲೆ ಎರಡು ಸಲ ಸಣ್ಣಕ್ಕೆ,
ಬಳೆಯಲ್ಲಿ ಯಾರೋ ಗಾಜು ತಟ್ಟಿದ ಹಾಗೆ.”

ನಾನೊಂದು ಸುತ್ತು ಹೋಗಿ ಬಂದೆ.
ಏನೂ ಇಲ್ಲ.
ಅವಳನ್ನು ಕೂರಿಸಿಕೊಂಡು ಇನ್ನೊಂದು ಸುತ್ತು.
“ಈಗ,” ಅಂದಳು. “ಈಗ. ಈಗ ನೋಡಿ.”
ನನಗೆ ಕೇಳಿದ್ದು ಅವಳ ‘ಈಗ’ ಮಾತ್ರ.

ಜುಬೈಲಿನಲ್ಲಿ, ಮೂರನೇ ಕಂಪ್ರೆಸರ್ ಮನೆಯೊಳಗೆ
ಹಗಲೂ ರಾತ್ರಿಯೂ ಪಾಳಿ ಕಳೆದವನು.
ವರ್ಷಕ್ಕೊಮ್ಮೆ ಕಂಪೆನಿಯ ಕ್ಲಿನಿಕ್ಕಿನಲ್ಲಿ
ಡಬ್ಬಿಯಂಥ ಕೋಣೆಗೆ ಹೊಗಿಸಿ
ಸದ್ದು ಕೇಳಿದರೆ ಗುಂಡಿ ಒತ್ತು ಅನ್ನುತ್ತಾರೆ.
ಹೋದ ಸಲ ಒತ್ತದೆ ಕೂತೇ ಇದ್ದೆ,
ಪರೀಕ್ಷೆ ಇನ್ನೂ ಶುರುವಾಗಿಲ್ಲ ಅಂದುಕೊಂಡು.
ಕಾಗದದ ಮೇಲೆ ಗೆರೆ ಸಮನಾಗಿ ಬಂದು
ಒಂದು ಕಡೆ ಬಾವಿಗೆ ಇಳಿದಿತ್ತು.
ಆ ಕಾಗದ ಮನೆಗೆ ತಂದಿಲ್ಲ.

ಶುಕ್ರವಾರ, ಅಸರ್ ನಮಾಜು ಮುಗಿದ ಮೇಲೆ,
ಕಟ್ಟಡದ ನೆರಳು ಕಾರಿನ ಮೇಲೆ ಬಿದ್ದ ಹೊತ್ತು.
ರೊಡೆಲ್ ಕೊಟ್ಟ ಪ್ಲಾಸ್ಟಿಕ್ ಸಲಾಕೆ, ಸ್ಕ್ರೂಡ್ರೈವರ್,
ಕಳಚಿದ್ದನ್ನು ಹಾಕಲು ಒಂದು ಸ್ಟೀಲ್ ತಟ್ಟೆ.
ಹಿಡಿಯ ಹಿಂದೆ, ಉಗುರಗಲದ ಮುಚ್ಚಳದಡಿ ಒಂದು ಸ್ಕ್ರೂ.
ಕೈ ಇಡುವ ಗುಳಿಯಲ್ಲಿ ಇನ್ನೊಂದು.
ಅಂಚಿಗೆ ಸಲಾಕೆ ತೂರಿಸಿ ಎಳೆದರೆ
ಬೆಂದ ಮರುವಾಯಿ ಬಾಯಿಬಿಟ್ಟ ಹಾಗೆ
ಕ್ಲಿಪ್ಪುಗಳು ಒಂದೊಂದಾಗಿ ಬಿಟ್ಟವು.
ಎರಡು ಮುರಿದವು. ಬಿಸಿಲಿಗೆ ಪೆಡಸಾಗಿದ್ದವು.

ಮೇಲಕ್ಕೆತ್ತಿ, ಗುಂಡಿಗಳ ವಯರು ಬಿಡಿಸಿ,
ಹಲಗೆಯನ್ನು ಗೋಡೆಗೆ ಒರಗಿಸಿದೆ.
ಒಳಗೆ ಮಂಕು ಪ್ಲಾಸ್ಟಿಕ್ ಹಾಳೆ,
ಎಳೆದಷ್ಟೂ ಎಳೆಯಾಗುವ ಕರಿ ಅಂಟು.
ಅದರ ಹಿಂದೆ ಕತ್ತಲು, ಮರಳು.
ಹನ್ನೊಂದು ಬೇಸಿಗೆಯ ಹಿಟ್ಟಿನಂಥ ಮರಳು
ತಳದಲ್ಲಿ ದಿಬ್ಬವಾಗಿ ಕೂತಿತ್ತು.
ಗಾಜು ಮುಚ್ಚಿಯೇ ಇದ್ದೆನಲ್ಲ, ಹೇಗೆ ಬಂತು?

ಮಿಸ್ರಿಯಾ ಹೊರಗಿನಿಂದ ಬಾಗಿಲಿಗೆ ಗುದ್ದಿದಳು.
“ಅದೇ. ಕೇಳ್ತದಾ?”
ಮೊಣಕೈವರೆಗೆ ಕೈ ಒಳಗೆ ಬಿಟ್ಟೆ.
“ಗುದ್ದು,” ಅಂದೆ. “ಗುದ್ದುತ್ತಾ ಇರು.”
ಗಾಜಿನ ಹಳಿ ಗಟ್ಟಿ. ಮೋಟಾರು ಅಲ್ಲಾಡಲಿಲ್ಲ.
ಸ್ಪೀಕರಿನ ತಂತಿ ಅಲ್ಲ.
ತೆಳು ಸರಳೊಂದು, ಬೀಗಕ್ಕೆ ಹೋಗುವುದು,
ಅವಳ ಮುಂದಿನ ಗುದ್ದಿಗೆ
ಇರುವೆ ಕಚ್ಚಿದಷ್ಟು ನಡುಗಿತು.
ಆಮೇಲೆ ಎರಡು ಸಲ ಸಣ್ಣಕ್ಕೆ, ಅವಳು ಹೇಳಿದ ಹಾಗೆಯೇ.

ಹಿಡಿದುಕೊಂಡೆ.
“ನಿಂತಿತು,” ಅಂದಳು.
ಬಿಟ್ಟೆ.
“ಬಂತು.”
ಹೀಗೆ ಬೇಕೆಂದೇ ನಾಲ್ಕೈದು ಸಲ.
ಆಮೇಲೆ ಗುದ್ದುವುದು ಬಿಟ್ಟು, ಬಗ್ಗಿ,
ನನ್ನ ಮುಖ ನೋಡಿದಳು.
“ನಿಮಗೆ ಕೇಳುವುದೇ ಇಲ್ಲ ಅಲ್ವಾ?”
“ಬೆರಳಿಗೆ ಕೇಳ್ತದೆ,” ಅಂದೆ.
ನಗಲಿಲ್ಲ.
ಮಗಳ ಫೋನು ಬಂದಾಗಲೆಲ್ಲ
‘ಉಮ್ಮನಿಗೆ ಕೊಡ್ತೇನೆ’ ಅನ್ನುವುದು ಯಾಕೆಂದು
ಲೆಕ್ಕ ಹಾಕುತ್ತಿದ್ದಳೇನೋ.

ಸರಳಿನ ಕೊಂಡಿ ಮುರಿದಿತ್ತು, ಬಟಾಣಿಯಷ್ಟು ಪ್ಲಾಸ್ಟಿಕ್ಕು.
ಬಿಡಿಭಾಗದ ಅಂಗಡಿ ಇನ್ನು ನಾಳೆಗೆ.
ಕೆಲಸದ ಅಂಗಿಯ ಜೇಬು ತಡಕಿದರೆ
ಕಂಪೆನಿ ಕೊಟ್ಟ ಕಿವಿಬೆಣೆ, ಹಳದಿ ಸ್ಪಂಜಿನದು,
ಪೊಟ್ಟಣ ಒಡೆಯದ್ದು. ಅಂಥವು
ನನ್ನ ಲಾಕರಿನಲ್ಲಿ ಡಬ್ಬಿಗಟ್ಟಲೆ ಉಂಟು.
ಕಿವಿ ಬೆವರುತ್ತದೆಂದು ಹಾಕುತ್ತಿರಲಿಲ್ಲ.
ಒಂದನ್ನು ಉದ್ದಕ್ಕೆ ಸೀಳಿ ಸರಳಿಗೆ ತೊಡಿಸಿ
ಟೇಪು ಸುತ್ತಿದೆ.
ಇನ್ನೊಂದನ್ನು ಅವಳು ಎತ್ತಿಕೊಂಡಳು.
ಹಿಸುಕಿ ಬಿಟ್ಟು,
ಅದು ಮೆಲ್ಲಗೆ ಉಬ್ಬುವುದನ್ನೇ ನೋಡುತ್ತ ನಿಂತಳು.

ಹಲಗೆ ಕೂರಿಸಿದ ಮೇಲೆ
ತಟ್ಟೆಯಲ್ಲಿ ಒಂದು ಸ್ಕ್ರೂ ಉಳಿಯಿತು. ಎಲ್ಲಿಯದೋ.

ಮಗ್ರಿಬಿಗೆ ಮುಂಚೆ ಅವಳೊಬ್ಬಳೇ ಒಂದು ಸುತ್ತು ಹೋದಳು.
ನಾನು ಉಬ್ಬಿನ ಹತ್ತಿರ ಕಟ್ಟೆಯ ಮೇಲೆ ಕೂತೆ.
ಮುಂದಿನ ಚಕ್ರ ಹತ್ತಿ ಇಳಿಯಿತು. ಹಿಂದಿನದೂ.
ಗಾಜು ಅರ್ಧ ಇಳಿಸಿ ಏನೋ ಅಂದಳು.
ಮೇಲೆ ಇಡೀ ಕಟ್ಟಡದ ಏಸಿಗಳು ಗುರುಗುಡುತ್ತಿದ್ದವು.
“ಎಂತ?” ಅಂದೆ.

ಕಾರನ್ನು ಹಿಂದಕ್ಕೆ ತಂದು,
ಗಾಜು ಪೂರ್ತಿ ಇಳಿಸಿ,
ಇನ್ನೊಮ್ಮೆ ಹೇಳಿದಳು.