ನಾಲ್ಕನೇ ಜ್ವರ

ಒಂಬತ್ತೂವರೆಗೆ ಬೆಲ್ಲು. ಬೆಲ್ಲೆಂದರೆ
ಹೊಂಗೆಯ ಕೊಂಬೆಗೆ ತೂಗುಬಿಟ್ಟ ಕಂಬಿಯ ತುಂಡು.
ಆಮೇಲೆ ಬಂದವರು ಗೇಟಿನಾಚೆ,
ಪ್ರಾರ್ಥನೆ ಮುಗಿಯುವ ತನಕ ನಿಂತಲ್ಲೇ ತುಟಿ ಆಡಿಸಬೇಕು.
ಸೋಮವಾರ ಉಗುರು, ಕೈ ಚಾಚಿ, ಸಾಲಾಗಿ.
ಎರಡು ಜಡೆ, ಕೆಂಪು ಟೇಪು.
ಹಾಲು ಕುಡಿದ ಲೋಟ ತೊಳೆದು ಬೋರಲು.
ಮೊಟ್ಟೆಯೋ ಬಾಳೆಹಣ್ಣೋ, ಒಮ್ಮೆ ಕೈ ಎತ್ತಿದರೆ ಆಯಿತು,
ಪಕ್ಕದವನ ತಟ್ಟೆ ನೋಡಿ ಬದಲಿಸುವಂತಿಲ್ಲ.
ರಜೆಗೆ ಚೀಟಿ, ಚೀಟಿಗೆ ಪೋಷಕರ ಸಹಿ,
ಕಾರಣ ಸ್ಪಷ್ಟವಾಗಿರತಕ್ಕದ್ದು.

ಇದಿಷ್ಟನ್ನೂ ಬೈರಾರೆಡ್ಡಿ ಸರ್
ಆಫೀಸು ರೂಮಿನ ಗೋಡೆಗೆ ನೀಲಿ ಪೇಂಟಿನಲ್ಲಿ ಬರೆಸಿದ್ದಾರೆ.
ತಕ್ಕದ್ದು ಎಂಬಲ್ಲಿ ಒಂದು ಒತ್ತು ಉದುರಿದೆ.

ನಾನು ರಾಣೆಬೆನ್ನೂರಿನವಳು.
ಶಿಡ್ಲಘಟ್ಟದಿಂದ ಎರಡು ಬಸ್ಸು ಬದಲಿಸಿ
ಸೀಗೇನಹಳ್ಳಿಯ ಈ ಮಿಡ್ಲ್ ಸ್ಕೂಲಿಗೆ ಬಂದು ಮೂರು ತಿಂಗಳು.
ಏಳನೇ ಕ್ಲಾಸಿನ ಹಾಜರಿ ನನ್ನ ಪಾಲಿನದು.

ಹದಿನೇಳನೇ ನಂಬರು, ಮೋನಿಷ.
ತಮ್ಮನ ಕೈಲಿ ಕಳಿಸಿದ ಚೀಟಿ:
"ಮಾನ್ಯರೇ, ನಾಲ್ಕನೇ ಜ್ವರ ಆಗಿರುವುದರಿಂದ
ನನಗೆ ಏಳು ದಿನ ರಜೆ ನೀಡಬೇಕಾಗಿ..."
ಕೆಳಗೆ ಅಜ್ಜಿಯ ಹೆಬ್ಬೆಟ್ಟು, ತುಸು ಹಸಿರು.

ನಾಲ್ಕನೇದಾ!
ಹಿಂದಿನ ಮೂರಕ್ಕೆ ಚೀಟಿಯೇ ಇಲ್ಲ,
ಹಾಜರಿಯಲ್ಲಿ ಒಂದು ಕೆಂಪು ಗುರುತೂ ಇಲ್ಲ.
ಜ್ವರ ಹೊತ್ತುಕೊಂಡೇ ಹದಿಮೂರರ ಮಗ್ಗಿ ಒಪ್ಪಿಸಿದಳೇ ಹುಡುಗಿ?
ಟೈಫಾಯ್ಡೋ, ಡೆಂಗ್ಯೂವೋ,
ಸಂಜೆ ಎರಡು ಎಳನೀರು ಕೊಂಡು ಹೊರಟೆ.

ಬಾಗಿಲಲ್ಲಿ ಬಕೆಟ್ಟು, ಬಿಳಿ ನೀರು, ಬ್ಲೀಚಿಂಗ್ ಘಾಟು.
"ಅಲ್ಲೇ ನಿಂತ್ಕಳಿ ಮಿಸ್!"
ಮೋನಿಷ. ಅಪ್ಪನ ಶರ್ಟು, ತಲೆಗೆ ಟವೆಲ್ಲು.
"ಕಾಲು ಅದ್ದಿ. ಕೈ ತೊಳೀರಿ. ಪೌಡರ್ ಹಾಕಿದೀರಾ?
ಹಾಕಿದ್ರೆ ಒಳಗೆ ಬರಂಗಿಲ್ಲ, ವಾಸ್ನೆಗೆ ಮೇವು ಬಿಡ್ತವೆ."
ಹಾಕಿದ್ದೆ. ಮಲ್ಲಿಗೆ ಬೇರೆ ಮುಡಿದಿದ್ದೆ.
ಹೊಸ್ತಿಲಾಚೆಯೇ ನಿಂತೆ
ಎಳನೀರು ಹಿಡಿದುಕೊಂಡು,
ಬೆಲ್ಲು ಹೊಡೆದ ಮೇಲೆ ಬಂದವಳ ಹಾಗೆ.

ಒಳಗೆ, ತಟ್ಟೆಗಳ ಮೇಲೆ ತಟ್ಟೆ, ಸೊಪ್ಪಿನಡಿಯಿಂದ
ಇಡೀ ಶಾಲೆ ಒಟ್ಟಿಗೆ ಉಕ್ತಲೇಖನ ಬರೆಯುತ್ತಿರುವಂಥ ಸದ್ದು.

"ಮಗೂಗಲ್ಲ ಕಣಮ್ಮ ಜ್ವರ, ಹುಳೀಗೆ,"
ಎಂದರು ಮುನಿವೆಂಕಟಮ್ಮ, ನಗು ನುಂಗಿಕೊಂಡು.
"ಒಂದಿನ ಉಣ್ಣಲ್ಲ, ತಲೆ ಎತ್ಕಂಡು ಸುಮ್ನೆ ಕೂತಿರ್ತವೆ.
ಮುಟ್ಟಂಗಿಲ್ಲ, ಕದಲಿಸಂಗಿಲ್ಲ.
ಹಳೇ ಚರ್ಮ ಬಿಟ್ಟು ನಾಲ್ಕನೇ ಸಲ ಎದ್ವು ಅಂದ್ರೆ
ಆಮೇಲೆ ನೋಡ್ಬೇಕು ಹಸಿವು."

ಗೋಡೆಯ ಮೇಲೆ ಇದ್ದಿಲಿನ ವೇಳಾಪಟ್ಟಿ:
ಐದು, ಹತ್ತು, ಮೂರು, ಒಂಬತ್ತು.
ಸೊಪ್ಪು ಹಾಕಿದ ಹೊತ್ತಿಗೊಂದು ಗೆರೆ, ಮೋನಿಷಳದೇ ಅಕ್ಷರ.
ಒಂದು ಗೈರೂ ಇಲ್ಲ.
"ಏಳನೇ ದಿನ ಹಣ್ಣಾಗ್ತವೆ ಮಿಸ್,
ಅವತ್ತು ತಮ್ಮನೂ ಬರಲ್ಲ."

ಬೈರಾರೆಡ್ಡಿ ಸರ್ ಕನ್ನಡಕ ಹಣೆಗೇರಿಸಿ ಚೀಟಿ ಓದಿದರು.
"ಹುಳ ಅಂತ ಬರೆದರೆ ಕೊಡೋಕೆ ಬರಲ್ಲ,
ಜ್ವರ ಅಂದರೆ ಉಂಟು."
ಸಹಿ ಹಾಕಿ, ಮೊಳೆಗೆ ಚುಚ್ಚಿ,
ಕಿಟಕಿಯಾಚೆ ನೋಡುತ್ತ, "ನಾನೂ ಹಿಂಗೇ ಬರೀತಿದ್ದೆ."

ನನಗೆ ಸಿಟ್ಟೇ ಬಂತು.
ಯಾರ ಮೇಲೆಂದು ಬರೆಯಲು ಕಾಲಂ ಸಿಗಲಿಲ್ಲ.
ಏಳು ದಿನ ಎಂದರೆ ದಶಮಾಂಶದ ಪಾಠ ಪೂರ್ತಿ.

ಸಂಜೆ, ಪೌಡರಿಲ್ಲದ ಮುಖ, ಬೋಳು ಜಡೆ,
ಚೀಲದಲ್ಲಿ ಗಣಿತದ ಪುಸ್ತಕ.
ಬಕೆಟ್ಟಿಗೆ ಒಂದು ಕಾಲು ಅದ್ದಿದೆ, ಇನ್ನೊಂದು ಅದ್ದಿದೆ.

"ಉಗುರು?" ಎಂದಳು ಮೋನಿಷ.

ಕೈ ಚಾಚಿದೆ.