ಹಿಂದೆ ಹಾಕಿದ ನೆರಿಗೆ

ಬಿಟ್ಟಂಗಾಲದ ಗದ್ದೆಯಿಂದ ತಂದ ಗೊದಮೊಟ್ಟೆ ಹದಿನಾರು.
ಎಂಟು ಈ ಬೋಗುಣಿಗೆ, ಎಂಟು ಆ ಬೋಗುಣಿಗೆ.
ಎರಡಕ್ಕೂ ಅದೇ ನೀರು, ಅದೇ ಬೇಯಿಸಿದ ಸೊಪ್ಪು,
ವಿರಾಜಪೇಟೆಯ ಕಾಲೇಜಿನ ಅದೇ ಕಿಟಕಿಯ ಬೆಳಕು.
ಎರಡನೆಯದಕ್ಕೆ ಮಾತ್ರ
ನನ್ನ ಮಾತ್ರೆಯ ಚಿಟಿಕೆ ಪುಡಿ.

ಹನ್ನೊಂದನೇ ವಯಸ್ಸಿನಿಂದ ನುಂಗಿದ ಮಾತ್ರೆ.
ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದವಳು ಬಿದ್ದು
ನಾಲಿಗೆ ಕಚ್ಚಿಕೊಂಡ ದಿನದಿಂದ
ತಲೆಯೊಳಗಿನ ಮಿಂಚನ್ನು ಕಟ್ಟಿಹಾಕಿದ್ದು ಅದೇ.
ಅದರ ಮೇಲೆ ನನಗೆ ದೂರಿಲ್ಲ.

ಮದುವೆಯ ದಿನ ಸೀರೆ ಉಡಿಸಿದವಳು ಚೀಯವ್ವ ಚಿಕ್ಕಮ್ಮ,
ನೆರಿಗೆಯೆಲ್ಲ ಬೆನ್ನ ಹಿಂದೆ.
ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಗದರಿದಳು:
"ಅಲ್ಲಾಡಬೇಡ. ಇದ್ದಷ್ಟನ್ನೂ ಬಿಚ್ಚಿ ತೋರಿಸಿದರೆ
ಅದು ಸೀರೆಯಲ್ಲ, ಒಣಗಹಾಕಿದ ಬಟ್ಟೆ."

ಎಷ್ಟು ಪಾಠ ಮಾಡಿದರೂ ನನಗೇ ಹತ್ತದಿದ್ದದ್ದು ಆಗ ಹತ್ತಿತು.
ಒಂದೊಂದು ಜೀವಕೋಶದಲ್ಲೂ ಅದೇ ಉದ್ದದ ನೂಲು,
ಪ್ರೋಟೀನಿನ ಉಂಡೆಗಳಿಗೆ ಸುತ್ತಿ ಸುತ್ತಿ ಮಡಿಚಿದ್ದು.
ಕಣ್ಣಿಗೂ ಕಾಲಿಗೂ ಬಾಲಕ್ಕೂ ಬರಹ ಒಂದೇ;
ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂಬುದಷ್ಟೇ ಬೇರೆ.
ಆ ಕೆಲಸಕ್ಕೆ ಕೈಗಳಂತೆ ಕಿಣ್ವಗಳು:
ಒಂದು ಅಸಿಟೈಲಿನ ಚುಕ್ಕೆಯಿಟ್ಟು ಪಿನ್ನು ತೆಗೆಯುತ್ತದೆ,
ಇನ್ನೊಂದು ಬೆನ್ನಿಗೇ ಬಂದು ಚುಕ್ಕೆ ಒರೆಸಿ
ನೆರಿಗೆ ಕೂರಿಸುತ್ತದೆ.
ನನ್ನ ಮಾತ್ರೆ ಹಿಡಿದು ನಿಲ್ಲಿಸುವುದು
ಈ ಎರಡನೆಯ ಕೈಯನ್ನು.

ಮೊದಲ ಬೋಗುಣಿಯಲ್ಲಿ ಹಿಂಗಾಲು ಬಂತು,
ಮೆಣಸಿನ ಬಳ್ಳಿಯ ಚಿಗುರಿನಷ್ಟು.
ಆಮೇಲೆ ಮುಂಗಾಲು. ಬಾಲ ತನ್ನನ್ನೇ ಕರಗಿಸಿಕೊಂಡಿತು.
ಒಂದು ಮರಿಕಪ್ಪೆ ಹಾರಿ ಅಟೆಂಡರ್ ಬೆಳ್ಯಪ್ಪನ
ಕಡಂಬಿಟ್ಟಿನ ಡಬ್ಬಿಯ ಮೇಲೆ ಕೂತಿತು.
ಎರಡನೆಯದರಲ್ಲಿ ಎಂಟೂ ಇನ್ನೂ ಗೊದಮೊಟ್ಟೆ.
ದಪ್ಪಗಾಗಿವೆ. ಚೆನ್ನಾಗಿ ತಿನ್ನುತ್ತವೆ.
ಎಲ್ಲಿಗೂ ಹೋಗುವುದಿಲ್ಲ.

ಮಗು ಬೇಕೆಂದಾಗ ಮೈಸೂರಿನ ಡಾಕ್ಟರು
ಹಳೆಯ ಮಾತ್ರೆಯನ್ನು ಇಷ್ಟಿಷ್ಟೇ ಇಳಿಸಿ
ಹೊಸದನ್ನು ಇಷ್ಟಿಷ್ಟೇ ಏರಿಸಿದರು.
ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು
ನಾಲ್ಕನೇ ವಾರದಲ್ಲಂತೆ, ಎಷ್ಟೋ ತಾಯಂದಿರಿಗೆ
ಸುದ್ದಿ ಮುಟ್ಟುವ ಮೊದಲೇ.
ಉಳಿದ ಹಳೆಯ ಮಾತ್ರೆಗಳೇ ಈ ಪುಡಿ.

ಕಳೆದ ಸೋಮವಾರ ಪುಡಿ ನಿಲ್ಲಿಸಿ ನೀರು ಬದಲಿಸಿದೆ.
ಪ್ರಯೋಗದ ಪುಸ್ತಕದಲ್ಲಿ ಇದನ್ನು ಬರೆದಿಲ್ಲ.
ಇಂದು ಒಂದಕ್ಕೆ, ಒಂದಕ್ಕೇ,
ಬಾಲದ ಬುಡದಲ್ಲಿ ಎರಡು ಗುಳ್ಳೆ.
ಕಾಲೋ, ಅಲ್ಲವೋ. ಟಾರ್ಚು ಹತ್ತಿರ ಹಿಡಿದೆ.
ತಲೆಯೊಳಗೆ ಮಿಂಚಿಲ್ಲ, ಈವರೆಗೆ.
ಚೂಡಿದಾರದಲ್ಲಿದ್ದವಳು ಬೆನ್ನ ಹಿಂದೆ ಕೈಹಾಕಿ
ಇಲ್ಲದ ನೆರಿಗೆ ಸರಿಯಿದೆಯೇ ಎಂದು
ಮುಟ್ಟಿ ನೋಡಿಕೊಂಡೆ.